ಅಣ್ಣನ ಕೈಗುಣ, ಅಜ್ಜಿಯ ನಶ್ಯದ ಡಬ್ಬಿ

ನಮ್ಮಣ್ಣ ಬಸವರಾಜು ಡಾಕ್ಟರಾಗಬೇಕು ಅನ್ನುವುದು ಅವನ ಎಂಟನೇ ವಯಸ್ಸಿನಲ್ಲೇ ತೀರ್ಮಾನವಾಗಿಹೋಗಿತ್ತು. ತೀರ್ಮಾನ ಮಾಡಿದ್ದು ಅಜ್ಜಿಯ ಕೆಮ್ಮು.

ಆಗ ಅಜ್ಜಿಗೆ ಮೂರು ತಿಂಗಳಿಂದ ಬಿಡದ ಕೆಮ್ಮು. ನಮ್ಮ ಬೀದಿಯ ಡಾಕ್ಟರು ಬಿಂದುಮಾಧವ ರಾಯರ ಕೆಂಪು ಔಷಧಿ ಬಾಟ್ಲಿಗಟ್ಟಲೆ ಖಾಲಿಯಾದರೂ ಅದು ಜಗ್ಗಲಿಲ್ಲ. ಒಂದು ದಿನ ಅವ್ವನಿಗೆ ಬಿಡುವಿಲ್ಲದೆ ಅಣ್ಣನ ಕೈಲಿ ಔಷಧಿ ಕುಡಿಸಿದರು. ಎರಡೇ ದಿನದಲ್ಲಿ ಕೆಮ್ಮು ಮಾಯ! ಸಂತೇಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ನಮ್ಮ ಅಪ್ಪಾಜಿ ಸದಾಶಿವಯ್ಯನವರು, "ನನ್ ಮಗನಿಗೆ ಕೈಗುಣ ಅದೆ ಕಣ್ರೀ" ಎಂದು ಬಂದ ಗಿರಾಕಿಗಳಿಗೆಲ್ಲ ಬೆಲ್ಲದ ಜೊತೆ ಕಟ್ಟಿಕೊಟ್ಟರು.

ನಮ್ಮ ಜನಕ್ಕೆ ಔಷಧಿಗಿಂತ ಅದನ್ನು ಕೊಡುವ ಕೈ ದೊಡ್ಡದು. ಅಂದಿನಿಂದ ಬೀದಿಯವರೆಲ್ಲ ರಾಯರ ಹತ್ತಿರ ಬಾಟ್ಲಿ ತುಂಬಿಸಿಕೊಂಡು, ಮೊದಲ ಗುಟುಕನ್ನು ಅಣ್ಣನ ಕೈಯಿಂದಲೇ ಕುಡಿಯಲು ನಮ್ಮ ಜಗುಲಿಗೆ ಬರತೊಡಗಿದರು. ಪಕ್ಕದ ಮನೆ ಸರೋಜಮ್ಮನವರಂತೂ ಭೇದಿ ಹತ್ತಿದ ಕರುವನ್ನೇ ಎಳೆದುಕೊಂಡು ಬಂದಿದ್ದರು.

ನಿಜ ಗೊತ್ತಿದ್ದವಳು ನಾನೊಬ್ಬಳೇ. ಅಜ್ಜಿ ಕದ್ದು ನಶ್ಯ ಏರಿಸುತ್ತಿದ್ದಳು. ಏರಿಸಿದ ಮೇಲೆಯೇ ಕೆಮ್ಮು ಕೆರಳುತ್ತದೆ ಅನ್ನುವುದನ್ನು ಏಳು ವರ್ಷದ ನಾನು ಬಾಗಿಲ ಸಂದಿಯಿಂದ ನೋಡಿ ನೋಡಿ ಪತ್ತೆ ಹಚ್ಚಿದ್ದೆ. ಅಣ್ಣ ಔಷಧಿ ಕುಡಿಸಿದ ದಿನವೇ ಆ ಹಿತ್ತಾಳೆ ಡಬ್ಬಿಯನ್ನು ಎಗರಿಸಿ ಅಟ್ಟದ ಕೊಪ್ಪರಿಗೆಯಲ್ಲಿ ಹಾಕಿದೆ. ಅಜ್ಜಿ ಕಳ್ಳಿ, ಕೂಗುವಂತಿಲ್ಲ. ಅವಳಿಗೆ ನಶ್ಯ ತಂದುಕೊಡುತ್ತಿದ್ದ ಅಂಗಡಿಯಾಳು ಚಿಕ್ಕಯ್ಯನೂ ಅದೇ ವಾರ ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಹೀಗೆ ರೋಗ ಕಂಡುಹಿಡಿದವಳು ನಾನು, ಹೆಸರು ಬಂದದ್ದು ಅವನಿಗೆ. ಬಾಯಿ ಬಿಟ್ಟರೆ ಬೆನ್ನಿಗೆ ಬೀಳುತ್ತದೆಂದು ಸುಮ್ಮನಿದ್ದೆ. ಹತ್ತು ವರ್ಷ ಸುಮ್ಮನಿದ್ದೆ.

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಇಬ್ಬರೂ ಒಟ್ಟಿಗೆ ಇಂಟರ್‌ಮೀಡಿಯೆಟ್ ಮುಗಿಸಿದೆವು. ಅವನು ನನಗಿಂತ ಒಂದು ವರ್ಷ ದೊಡ್ಡವನು, ನಡುವೆ ಒಂದು ಸಲ ಡುಮ್ಕಿ ಹೊಡೆದು ನನ್ನ ಸಮಕ್ಕೆ ಇಳಿದಿದ್ದ. ನನಗೆ ಫಸ್ಟ್ ಕ್ಲಾಸು. ಅವನು ಪಾಸಾದದ್ದೇ ಶಿವನ ದಯೆ. ಒಂದು ಮಂಗಳವಾರ ಅಪ್ಪಾಜಿ ಮೆಡಿಕಲ್ ಕಾಲೇಜಿನ ಅರ್ಜಿ ತಂದರು. ಒಂದೇ ಒಂದು. ಸೋಮವಾರ ಪೂಜೆ ಮುಗಿಸಿ ಬಸವರಾಜನ ಹೆಸರು ತುಂಬಿಸುವುದೆಂದು ದೇವರ ಗೂಡಿನಲ್ಲಿಟ್ಟರು.

"ಅಪ್ಪಾಜಿ, ಡಾಕ್ಟರ್ ಆಗ್ಬೇಕು ಅಂತಿರೋಳು ನಾನು" ಎಂದೆ.

"ಕೈಗುಣ ಇರೋದು ಅವನಿಗೆ ಕಣಮ್ಮ. ಹೆಣ್ಮಕ್ಕಳ ಕೈಗುಣ ಸಾರಿನಲ್ಲಿ ಗೊತ್ತಾದ್ರೆ ಸಾಕು."

ಆ ಮಾತು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಣ್ಣನ ಪಾಡು ಇನ್ನೂ ಚೆನ್ನ. ಈಳಿಗೆಮಣೆಯಲ್ಲಿ ಅವ್ವ ಬೆರಳು ಕೊಯ್ದುಕೊಂಡರೆ ಇವನು ಧೊಪ್ಪನೆ ಬೀಳುತ್ತಿದ್ದ. ಅವ್ವ ರಕ್ತ ಸುರಿಯುವ ಬೆರಳಲ್ಲೇ ಇವನ ಮುಖಕ್ಕೆ ನೀರು ಚಿಮುಕಿಸಬೇಕಿತ್ತು. ಅವನ ಜೀವವೆಲ್ಲ ಅಂಗಡಿಯಲ್ಲಿ. ತೊಗರಿಬೇಳೆ ಮೂಸಿ ಹೊಸದೋ ಹಳೆಯದೋ ಹೇಳುತ್ತಿದ್ದ.

"ನನ್ನ ಕೈಗುಣ ಎಂಗಾದ್ರೂ ಕಿತ್ಕೊಂಬುಡೇ ಗಿರಿಜ" ಎಂದು ಅವನೇ ಅಂಗಲಾಚಿದ.

ಇಬ್ಬರೂ ಅಜ್ಜಿಯ ಕಾಲು ಒತ್ತುತ್ತ ಕೂತೆವು. "ಅಜ್ಜಿ, ಮೂರ್ನಾಲ್ಕು ದಿನ ಕಾಯಿಲೆ ಬಿದ್ದಂಗೆ ಮಾಡು. ಅಣ್ಣ ಔಷಧಿ ಕೊಟ್ರೆ ವಾಸಿ ಆಗ್ಬಾರ್ದು, ನಾನು ಕೊಟ್ರೆ ಆಗ್ಬೇಕು."

ಅಜ್ಜಿ ಕಾಲು ಎಳೆದುಕೊಂಡಳು. "ಕೊರಳಲ್ಲಿ ಲಿಂಗ ಕಟ್ಕೊಂಡು ಸುಳ್ಳು ಹೇಳ್ಲಾ? ಎದ್ದು ಹೋಗ್ರೋ ಅತ್ಲಾಗೆ!"

ಉಳಿದದ್ದು ಒಂದೇ ದಾರಿ. ಬುಧವಾರ ಸಂಜೆ ಅಟ್ಟ ಹತ್ತಿ, ಆ ಡಬ್ಬಿಯನ್ನು ತಂದು ಅಜ್ಜಿಯ ವಿಭೂತಿ ಬಟ್ಟಲಿನ ಹಿಂದೆ ಇಟ್ಟೆ. ಮಾಡುತ್ತಿರುವುದು ಪಾಪ ಅಂತ ಗೊತ್ತಿತ್ತು. ಆದರೂ ಇಟ್ಟೆ.

ಗುರುವಾರ ಬೆಳಿಗ್ಗೆ ಅಜ್ಜಿಯ ಕೋಣೆಯಿಂದ ಕೆಮ್ಮು ಶುರುವಾಯಿತು ನೋಡಿ! ಹಿತ್ತಿಲಿನ ಗುಬ್ಬಿಗಳು ಸರೋಜಮ್ಮನವರ ಮನೆಗೆ ಗುಳೆ ಹೋದವು. ಅಪ್ಪಾಜಿ ರಾಯರ ಹತ್ತಿರ ಓಡಿ ಬಾಟ್ಲಿ ತಂದು, "ಕುಡಿಸೋ ಬಸವರಾಜು" ಎಂದರು. ಅಣ್ಣ ಬಲು ಗಂಭೀರವಾಗಿ ಬಾಟ್ಲಿಗೆ ಅಂಟಿಸಿದ ಕಾಗದದ ಅಳತೆಗೆರೆ ನೋಡಿ ಬಗ್ಗಿಸಿ ಕುಡಿಸಿದ. ಕೆಮ್ಮು ಜಾಸ್ತಿಯಾಯಿತು. ಶುಕ್ರವಾರ ಕುಡಿಸಿದ, ಇನ್ನೂ ಜಾಸ್ತಿ. ಶನಿವಾರದ ಹೊತ್ತಿಗೆ ಅಜ್ಜಿ ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿದ್ದು ನೋಡಿ ನನಗೆ ಊಟ ಸೇರಲಿಲ್ಲ. ಡಾಕ್ಟರಾಗಲು ಹೊರಟವಳು ಮೊದಲು ರೋಗ ಹಚ್ಚಿದ್ದೆ.

ಸರೋಜಮ್ಮನವರು ಬೇಲಿಯಾಚೆಯಿಂದಲೇ ಕಾರಣ ಕಂಡುಹಿಡಿದರು. "ಮೀಸೆ ಬಂತಲ್ಲ ಸದಾಶಿವಯ್ಯನೋರೆ, ಕೈಗುಣ ಹೊಂಟೋಯ್ತು. ಅದು ಎಳೇ ಕೈಲಿ ಮಾತ್ರ ನಿಲ್ಲೋದು. ಹುಡುಗಿ ಕೈಲಿ ಕೊಡಿಸಿ ನೋಡಿ."

ನಾವು ಅವರಿಗೆ ಏನೂ ಹೇಳಿಕೊಟ್ಟಿರಲಿಲ್ಲ, ದೇವರಾಣೆ.

ಭಾನುವಾರ ಬೆಳಿಗ್ಗೆ ಅಜ್ಜಿ ಬಚ್ಚಲಿಗೆ ಹೋದಾಗ ಡಬ್ಬಿಯನ್ನು ಸೆರಗಿಗೆ ಸಿಕ್ಕಿಸಿಕೊಂಡೆ. ಅಪ್ಪಾಜಿಯ ಎದುರಿಗೇ ಅದೇ ಬಾಟ್ಲಿಯಿಂದ ಅದೇ ಔಷಧಿ ಕುಡಿಸಿದೆ. ಅಜ್ಜಿ ನುಂಗಿದಳು. ನನ್ನ ಮುಖ ನೋಡಿದಳು. ಖೊಕ್ ಅಂತ ಒಂದು ಸಲ ಕೆಮ್ಮಿದಳು. ಆಮೇಲೆ ಸದ್ದಿಲ್ಲ. ಮಧ್ಯಾಹ್ನವೂ ಇಲ್ಲ, ಸಂಜೆಯೂ ಇಲ್ಲ.

ಸೋಮವಾರ ಪೂಜೆ ಮುಗಿಸಿದ ಅಪ್ಪಾಜಿ ಗೂಡಿನಿಂದ ಅರ್ಜಿ ತೆಗೆದರು. ಹತ್ತು ವರ್ಷ ಮಗನ ಗುಣಗಾನ ಮಾಡಿದ ಬಾಯಿ, ಪಾಪ, ಒಣಗಿತ್ತು. ಅಣ್ಣನ ಕೈಗೆ ಅದನ್ನು ಕೊಟ್ಟು, "ತಂಗಿ ಹೆಸರು ಬರಿಯೋ" ಎಂದರು. ಅಣ್ಣ ಜೀವಮಾನದಲ್ಲೇ ಅಷ್ಟು ದುಂಡಗೆ ಬರೆದಿರಲಿಲ್ಲ. ಅಪ್ಪಾಜಿ ಸಹಿ ಹಾಕಿ ನನ್ನ ಕಡೆ ನೋಡದೆ ಅಂಗಡಿಗೆ ನಡೆದುಬಿಟ್ಟರು. ಹೊಸಿಲು ದಾಟಿದವರು ತಿರುಗಿ, "ಮಳೆ ಬರಂಗಿದೆ, ಅರ್ಜಿ ನೆನೀದಂಗೆ ತಗೊಂಡೋಗಮ್ಮ" ಎಂದರು. ಖುಷಿಗೆ ನನ್ನ ಕಣ್ಣು ತುಂಬಿತು.

ಆದರೆ ಅಜ್ಜಿಯ ಮುಖ ನೋಡಲು ಧೈರ್ಯವಿರಲಿಲ್ಲ. ಕೋಣೆಗೆ ಹೋಗಿ ಡಬ್ಬಿಯನ್ನು ಅವಳ ಮುಂದಿಟ್ಟು ಅಡ್ಡಬಿದ್ದೆ. "ತಪ್ಪಾಯ್ತಜ್ಜಿ. ಮೂರು ದಿನ ನಿನ್ನ ಕೆಮ್ಮೋ ಹಾಗೆ ಮಾಡಿದೋಳು ನಾನೇ."

ಅಜ್ಜಿ ಮುಚ್ಚಳ ತೆಗೆದು ಒಂದು ಚಿಟಿಕೆ ನನ್ನ ಮೂಗಿಗೆ ಹಿಡಿದಳು. "ಎಳ್ಕೊ."

ಕಣ್ಣು ಮುಚ್ಚಿ ಎಳೆದುಕೊಂಡೆ. ಏನೂ ಆಗಲಿಲ್ಲ. ಅಟ್ಟದ ಧೂಳಿನ ವಾಸನೆ, ಅಷ್ಟೆ.

"ಹತ್ತು ವರ್ಷದ ನಶ್ಯ ಕಣೇ ಪೆದ್ದಿ. ಇದ್ರಲ್ಲಿ ಸೀನೂ ಬರಲ್ಲ."

"ಮತ್ತೆ ಮೂರು ದಿನ ಕೆಮ್ಮಿದ್ದು?"

"ಕೆಮ್ಮಿದೆ."

"ಲಿಂಗ ಕಟ್ಕೊಂಡು ಸುಳ್ಳು ಹೇಳಲ್ಲ ಅಂದೆ?"

"ಯಾರಿಗೇನು ಹೇಳ್ದೆ? ಬರೀ ಕೆಮ್ಮಿದೆ."

ನಕ್ಕು ನಕ್ಕು ಇಬ್ಬರ ಕಣ್ಣಲ್ಲೂ ನೀರು. ಅಜ್ಜಿ ಮೊದಲು ಸುಧಾರಿಸಿಕೊಂಡು ಎದ್ದಳು. ಕೋಣೆಯ ಬಾಗಿಲು ಮುಂದೆ ಮಾಡಿ ಬಂದು ನನ್ನ ಹತ್ತಿರ ಕೂತಳು.

"ನಂಗೊಂದು ನೋವದೆ ಕಣೆ. ನಿಮ್ಮಪ್ಪ ಹುಟ್ಟಿದಾಗಿನಿಂದ. ಗಂಡಸ್ರ ಮುಂದೆ ಬಾಯ್ಬಿಟ್ಟು ಹೇಳೋಂಥದ್ದಲ್ಲ. ರಾಯರು ದೇವರಂಥೋರೇ, ಆದ್ರೂ ಹೆಂಗೆ ತೋರ್ಸೋದು? ಬೇರೆ ಊರಿನ ಲೇಡಿ ಡಾಕ್ಟ್ರ ಹತ್ರ ಹೋಗ್ಬೇಕಂದ್ರೆ ನಿಮ್ಮಪ್ಪಂಗೆ ಕಾರಣ ಹೇಳ್ಬೇಕು." ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇಷ್ಟು ವರ್ಷ ತಡ್ಕೊಂಡಿದೀನಿ. ಇನ್ನೊಂದೈದಾರು ವರ್ಷ ತಡ್ಕೊತೀನಿ. ನೀನು ಫೇಲ್ ಮಾತ್ರ ಆಗ್ಬ್ಯಾಡ."

ನಾನು ಒಂದು ಸಲವೂ ಫೇಲಾಗಲಿಲ್ಲ. ಓದು ಮುಗಿಸಿ ಮನೆಗೆ ಬಂದ ದಿನ, ಅಪ್ಪಾಜಿ ಇನ್ನೂ ಬೋರ್ಡಿಗೆ ಹಲಗೆ ಹುಡುಕುತ್ತಿದ್ದರು. ಅಷ್ಟರಲ್ಲೇ ನನ್ನ ಮೊದಲ ಪೇಷೆಂಟು ಒಳಕೋಣೆಯಿಂದ ಒಂದು ಸಲ ಖೊಕ್ ಎಂದು ಕೆಮ್ಮಿ ನನ್ನನ್ನು ಕರೆದಳು.