ಎದೆಯೊಳಗಿನ ಸದ್ದು

"ಉಸಿರು ಎಳ್ಕೋ ಅಕ್ಕ. ಬಾಯಿ ತೆರೆದು, ನಿಧಾನಕ್ಕೆ."

ಮಂಚದ ಅಂಚಿನಲ್ಲಿ ತಂಗಿಗೆ ಬೆನ್ನು ಕೊಟ್ಟು ಕುಳಿತಿದ್ದ ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಏನಂತೆ ನರ್ಸಮ್ಮ? ಒಳಗೆ ಜೀವ ಇದೆಯಾ, ಇಲ್ಲಾ ಮನೆ ಖಾಲಿ ಮಾಡ್ಕೊಂಡು ಹೋಯ್ತಾ?"

ನರ್ಸಿಂಗ್ ಓದುತ್ತಿದ್ದ ತಂಗಿ ಅಭ್ಯಾಸಕ್ಕೆಂದು ಸ್ಟೆತಾಸ್ಕೋಪನ್ನು ಮನೆಗೆ ತಂದಿದ್ದಳು. ಮೊದಲು ತನ್ನ ಎದೆಯನ್ನೇ ಕೇಳಿಕೊಂಡಳು. ಗಾಳಿ ಸಲೀಸಾಗಿ ಓಡಾಡುತ್ತಿತ್ತು. ಅಕ್ಕನ ಬೆನ್ನಿನಲ್ಲಿ ಬೇರೆಯೇ ಸದ್ದು. ಕಿವಿಯ ಹತ್ತಿರ ಕೂದಲೆಳೆಗಳನ್ನು ಬೆರಳಿನಿಂದ ಹೊಸೆದರೆ ಕೇಳುವಂಥದ್ದು. ಅಂಥ ಸದ್ದಿಗೆ ಅರ್ಥವೇನೆಂದು ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಅವಳು ಸ್ಟೆತಾಸ್ಕೋಪನ್ನು ಬೆನ್ನಿನ ಇನ್ನೊಂದು ಬದಿಗೆ ಸರಿಸಿ ಮತ್ತೆ ಕೇಳಿದಳು.

"ಮೆಟ್ಟಿಲು ಹತ್ತುವಾಗ ಸುಸ್ತಾಗತ್ತಾ?"

"ವಯಸ್ಸಾಗ್ಲಿಲ್ವೇನೇ ನನಗೆ?" ಅಂದಳು ಅಕ್ಕ. ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ.

ಅಪ್ಪ ಅಮ್ಮ ತೀರಿಹೋದ ಮೇಲೆ ಅವಳು ಶಾಲೆ ಬಿಟ್ಟು ಕಲ್ಲು ಪಾಲಿಶ್ ಮಾಡುವ ಶೆಡ್ ಸೇರಿದ್ದಳು. ಸಂಜೆ ಬರುವಾಗ ಕಣ್ಣ ರೆಪ್ಪೆಯೂ ಬೆಳ್ಳಗಾಗಿರುತ್ತಿತ್ತು. "ಪೌಡರ್ ಖರ್ಚು ಉಳೀತು ನೋಡು" ಎನ್ನುತ್ತಿದ್ದಳು.

ಮರುದಿನ ತಂಗಿ ಹಟ ಹಿಡಿದು ಅವಳನ್ನು ತಾನು ಕಲಿಯುವ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಏನು ಕೆಲಸ ಎಂದು ಕೇಳಿದರು.

"ಕಲ್ಲಿನ ಧೂಳು. ಒಳಗೆ ಕೂತದ್ದನ್ನ ತೆಗೆಯೋಕೆ ಔಷಧಿ ಇಲ್ಲಮ್ಮ. ಇನ್ನು ಆ ಕಡೆ ತಲೆ ಹಾಕ್ಬೇಡಿ."

ಒರಟು ಮನುಷ್ಯರೇನಲ್ಲ. ಆದರೆ ಬಾಗಿಲಲ್ಲಿ ತಂಗಿಯ ತರಗತಿಯ ಹುಡುಗಿಯರು ಬಂದು ನಿಂತದ್ದು ಕಂಡು ಕೈಬೀಸಿ ಕರೆದರು. "ಬನ್ನಿ, ಇಷ್ಟು ಸ್ಪಷ್ಟವಾಗಿ ಮತ್ತೆ ಸಿಗಲ್ಲ. ಒಬ್ಬೊಬ್ಬರೇ ಕೇಳಿ."

ಅಕ್ಕ ಒಬ್ಬೊಬ್ಬರಿಗೂ ಉಸಿರೆಳೆದಳು. "ಕೇಳಿಸ್ತಾ ಮರಿ? ಇನ್ನೊಂದ್ಸಲ ಎಳೀಲಾ?" ನಡುವೆ ಕೆಮ್ಮು ಬಂತು. ನೀರು ಕುಡಿದು, "ಹ್ಞೂಂ, ಮುಂದಿನೋರು ಬನ್ನಿ" ಎಂದಳು. ತಂಗಿ ಗೋಡೆಗೆ ಒತ್ತಿ ನಿಂತಿದ್ದಳು.

"ನೀನು ಕೇಳಲ್ವಾ?" ಎಂದರು ಡಾಕ್ಟರು.

"ಕೇಳಿದ್ದೀನಿ ಸರ್."

ದಾರಿಯಲ್ಲಿ ತಂಗಿ ಹೇಳಿದಳು: "ನಾಳೆಯಿಂದ ನಾನು ಕ್ಲಾಸಿಗೆ ಹೋಗಲ್ಲ. ಕೆಲಸ ಹುಡುಕ್ತೀನಿ."

ಅಕ್ಕ ಅಲ್ಲೇ ನಿಂತಳು. ಸಿಟ್ಟಿಗೋ ಏದುಸಿರಿಗೋ, ಮಾತು ಹೊರಡಲು ತಡವಾಯಿತು. "ಹುಡುಕಿದ್ರೆ ಸಿಗೋದು ಅದೇ ಶೆಡ್ಡು. ನೀನೂ ಅಲ್ಲಿಗೇ ಬರೋದಾದ್ರೆ ನಾನು ಇಷ್ಟು ವರ್ಷ ಉಜ್ಜಿದ್ದು ಯಾರಿಗೋಸ್ಕರ?"

"ಡಾಕ್ಟರ್ ಹೇಳಿದ್ದು ಕಿವಿಗೆ ಬೀಳ್ಲಿಲ್ವಾ?"

"ಬಿತ್ತು. ನಿನ್ನ ಪರೀಕ್ಷೆ ಮುಗೀಲಿ."

ಬೆಳಗಾಗುತ್ತಲೇ ಅಕ್ಕ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಶೆಡ್ಡಿಗೆ ಹೊರಟೇಬಿಟ್ಟಳು. ತಂಗಿ ಗುಟ್ಟಾಗಿ ಶೆಡ್ಡಿನ ಮೇಸ್ತ್ರಿಯನ್ನು ಕಂಡು, ಅಕ್ಕನಿಗೆ ಧೂಳಿಲ್ಲದ ಕಡೆ ಕೆಲಸ ಕೊಡಿ ಎಂದು ಬೇಡಿದಳು. "ಆಗಲ್ಲ ಅಂದ್ರೆ ಬಿಟ್ಟು ಹೋಗ್ಲಿ. ಬಾಗಿಲಲ್ಲಿ ಜನ ಕಾಯ್ತಿದ್ದಾರೆ," ಎಂದ ಅವನು. ಸುದ್ದಿ ತಿಳಿದ ಅಕ್ಕ ಒಂದು ವಾರ ಅವಳೊಂದಿಗೆ ಮಾತು ಬಿಟ್ಟಳು. ತಂಗಿ ಹಲ್ಲು ಕಚ್ಚಿಕೊಂಡು ಓದಿದಳು.

ಪಾಸಾದಳು. ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸವೂ ಸಿಕ್ಕಿತು. ಅಷ್ಟರಲ್ಲಿ ಅಕ್ಕ ಶೆಡ್ಡಿಗೆ ಹೋಗುವುದು ತಾನಾಗಿಯೇ ನಿಂತಿತ್ತು. ಬಚ್ಚಲಿನಿಂದ ಅಡಿಗೆಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿಯುತ್ತಿದ್ದಳು.

ಕೆಲಸಕ್ಕೆ ಸೇರುವ ದಿನ ಬೆಳಿಗ್ಗೆ ತಂಗಿ ಹೊಸ ಬಿಳಿ ಸಮವಸ್ತ್ರವನ್ನು ಇಸ್ತ್ರಿ ಮಾಡಲು ಹೊರಟರೆ ಅಕ್ಕ ಕೈಯಿಂದ ಕಿತ್ತುಕೊಂಡಳು. "ಕೊಡಿಲ್ಲಿ. ನೀನು ಸುಟ್ಟು ಹಾಕ್ತೀಯ."

ತಂಗಿ ಪಕ್ಕದ ಕೋಣೆಯಲ್ಲಿ ಜಡೆ ಹೆಣೆದುಕೊಳ್ಳುತ್ತಾ ನಿಂತಳು. ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಇಸ್ತ್ರಿಪೆಟ್ಟಿಗೆ ಒಂದು ತೋಳಿನ ಅರ್ಧಕ್ಕೆ ಬಂದು ನಿಂತಿತು. ಅಕ್ಕ ಅದನ್ನೆತ್ತಿ ಪಕ್ಕಕ್ಕಿಟ್ಟು, ಮೇಜಿಗೆ ಎರಡೂ ಕೈ ಊರಿ ತಲೆ ತಗ್ಗಿಸಿದಳು. ಬಹಳ ಹೊತ್ತಿನ ಮೇಲೆ ಇಸ್ತ್ರಿಪೆಟ್ಟಿಗೆ ಮತ್ತೆ ಮೆಲ್ಲಗೆ ಮುಂದೆ ಸರಿಯಿತು, ಮಣಿಕಟ್ಟಿನ ಕಡೆಗೆ.