ಶಿವಶರಣಪ್ಪನ ಪ್ರವಾಸಕ್ಕೆ ಅಡ್ಡ ಬಂದ ನಾರುಹುಣ್ಣು

ಮುಂಗಾರು ಹತ್ತಿರ ಬಂತೆಂದರೆ ಅಕ್ಕಲಕೋಟೆಯ ಕಡೆಯ ಹಳ್ಳಿಗಳಲ್ಲಿ ಈ ನೋಟ ಎಲ್ಲರಿಗೂ ಗೊತ್ತಿದ್ದದ್ದೇ. ಹೊಲ ಹದವಾಗಿರುತ್ತದೆ, ಎತ್ತುಗಳು ತಯಾರಿರುತ್ತವೆ. ಬಿತ್ತುವ ಕೂರಿಗೆ ಹಿಡಿಯಬೇಕಾದ ಮನುಷ್ಯ ಮಾತ್ರ ಮನೆಯ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ನರಳುತ್ತಿರುತ್ತಾನೆ. ಕಾಲಿನಲ್ಲಿ ಗುಳ್ಳೆ. ಗುಳ್ಳೆ ಒಡೆದರೆ ಒಳಗಿನಿಂದ ಬಿಳಿ ದಾರದಂಥ ಹುಳ. ಇದೇ ನಾರುಹುಣ್ಣು. ಯಾಕೆ ಬಂತು ಎಂದು ಕೇಳಿದರೆ ಹಣೆಬರಹ ಎಂದು ಸುಮ್ಮನಾಗುವವರೇ ಎಲ್ಲ.

ಕರಜಗಿಯ ಶಿವಶರಣಪ್ಪನೂ ಹಾಗೆಯೇ ತಿಳಿದಿದ್ದ. ಹೊಲಮನೆ ಚೆನ್ನಾಗಿದ್ದ ಮನೆತನ, ಗಟ್ಟಿ ಮೈ, ಎದೆಗಾರ ಮನುಷ್ಯ. ಸೊಲ್ಲಾಪುರದಲ್ಲಿ ಒಂದು ಹಳೆಯ ಮೋಟಾರ್ ಸೈಕಲ್ ಕೊಂಡು ತಂದಿದ್ದ. ಊರವರು ಅದಕ್ಕೆ ಫಟಫಟಿ ಎನ್ನುತ್ತಿದ್ದರು. ಅದರ ಒಂದೊಂದು ತಿರುಪನ್ನೂ ಬಿಚ್ಚಿ ಮತ್ತೆ ಜೋಡಿಸುವುದು ಅವನಿಗೆ ಬರುತ್ತಿತ್ತು. ಒಂದು ಬೇಸಿಗೆ, ಸುಗ್ಗಿ ಮುಗಿದ ಮೇಲೆ, ಒಬ್ಬನೇ ಹಂಪಿಯ ತನಕ ಹೋಗಿಬರುತ್ತೇನೆಂದು ಹೊರಟು ನಿಂತ.

"ಒಬ್ಬಾಂವ ಅಷ್ಟು ದೂರ! ಎಲ್ಲಿ ಉಣ್ತಿ, ಎಲ್ಲಿ ಮಲಗ್ತಿ?" ತಾಯಿ ಪಾರ್ವತಿಬಾಯಿ ಕೇಳಿದಳು.

"ಡೇರೆ ಅದ, ಸ್ಟೋವ್ ಅದ. ರೊಟ್ಟಿ, ಶೇಂಗಾ ಹಿಂಡಿ ನೀ ಕಟ್ಟಿಕೊಡ್ತಿ. ಇನ್ನೇನ್ ಬೇಕು ಯವ್ವಾ?"

ಅಕ್ಕಲಕೋಟೆಯಲ್ಲಿ ಡಾಕ್ಟರಾಗಿದ್ದ ಗೆಳೆಯ ರಾಚಪ್ಪ ಅಂದು ಬೀಳ್ಕೊಡಲು ಬಂದಿದ್ದ. ಅವನು ಚೀಲದಿಂದ ಒಂದು ದಟ್ಟನೆಯ ಬಿಳಿ ಅರಿವೆ ತೆಗೆದುಕೊಟ್ಟ. "ದಾರ್‍ಯಾಗ ಇಳಿಬಾವಿ ನೀರು ಕುಡಿಯೂ ಮುಂದ ಇದನ್ನ ಮಡಿಚಿ ಸೋಸಿ ಕುಡಿ. ಮರೀಬ್ಯಾಡ."

"ಸೋಸಿದ ನೀರು ಕುಡಿಯಾಕ ನಾ ಏನ್ ಬಾಣಂತಿಯೇನೋ?" ಎಂದು ಶಿವಶರಣಪ್ಪ ನಕ್ಕ. ಆ ಅರಿವೆ ಮೊದಲ ದಿನವೇ ಚೈನಿನ ಎಣ್ಣೆ ಒರೆಸಲು ಹೋಯಿತು.

ಪ್ರವಾಸ ಮಾತ್ರ ಅವನು ಅಂದುಕೊಂಡದ್ದಕ್ಕಿಂತ ಸೊಗಸಾಯಿತು. ಭೀಮೆಯ ಉಸುಕಿನಲ್ಲಿ ಗಾಲಿ ಹೂತಾಗ ಕುರುಬರು ಬಂದು ದಬ್ಬಿಕೊಟ್ಟರು. ವಿಜಾಪುರ ದಾಟಿ ಕೃಷ್ಣೆಗೆ ಬಂದಾಗ ಗಾಡಿಯನ್ನು ನಾವೆಗೆ ಹತ್ತಿಸಿ, ಹಗ್ಗ ಬಿಗಿದು, ತಾನೂ ಅದನ್ನು ತಬ್ಬಿ ನಿಂತ. ಬಾದಾಮಿಯ ಕೆಂಪು ಬಂಡೆಗಳ ಕೆಳಗೆ ಡೇರೆ ಹೊಡೆದು ರೊಟ್ಟಿ ಕಾಯಿಸಿಕೊಂಡು ಉಂಡ. ಪೆಟ್ರೋಲ್ ಹಾಕುವಾಗ ಮೆತ್ತನೆಯ ಚರ್ಮದಲ್ಲಿ ಸೋಸದೆ ಒಂದು ಹನಿಯನ್ನೂ ಹಾಕುತ್ತಿರಲಿಲ್ಲ. ಕಸ ಹೊಕ್ಕರೆ ಇಂಜಿನ್ ನಡುದಾರಿಯಲ್ಲಿ ಕೈಕೊಡುತ್ತದೆಂದು ಅವನಿಗೆ ಗೊತ್ತಿತ್ತು.

ಗದಗ ದಾಟಿದ ಮೇಲೆ ಒಂದು ಮಧ್ಯಾಹ್ನ ಬಿಸಿಲಿಗೆ ಗಂಟಲು ಒಣಗಿತು. ಹಳ್ಳಿಯೊಂದರ ಹೊರಗೆ ಇಳಿಬಾವಿ ಕಂಡಿತು. ಮೆಟ್ಟಿಲಿಳಿದು ಹೋದ. ಕೆಳಗಿನ ಮೆಟ್ಟಿಲಲ್ಲಿ ಒಬ್ಬ ರೈತ ಹುಣ್ಣಾದ ಕಾಲನ್ನು ನೀರಿಗೆ ಬಿಟ್ಟುಕೊಂಡು ಕೂತಿದ್ದ. ಶಿವಶರಣಪ್ಪ ಅವನಿಗೆ ಶರಣು ಹೇಳಿ, ಎರಡು ಹೆಜ್ಜೆ ಆಚೆ ಬಗ್ಗಿ, ಬೊಗಸೆ ತುಂಬಿ ಹೊಟ್ಟೆ ತುಂಬ ಕುಡಿದ. ನೀರು ತಣ್ಣಗಿತ್ತು. ಜೀವ ಬಂದಂತಾಯಿತು. ಹಂಪಿ ನೋಡಿದ, ಊರಿಗೆ ಬಂದ, ವರ್ಷವಿಡೀ ಕಟ್ಟೆಯ ಮೇಲೆ ಕೂತವರಿಗೆಲ್ಲ ಅದರದೇ ಕಥೆ ಹೇಳಿದ.

ಮರು ಬೇಸಿಗೆಗೆ ಗೋಕರ್ಣದ ಸಮುದ್ರ ನೋಡುವುದೆಂದು ನಿಶ್ಚಯವಾಯಿತು. ಗಾಡಿ ಸಿದ್ಧ, ಡೇರೆ ಸಿದ್ಧ. ಹೊರಡುವ ದಿನ ಬೆಳಿಗ್ಗೆ ಎದ್ದು ಬಲಗಾಲು ನೆಲಕ್ಕೆ ಊರಿದರೆ ಪಾದದ ಗಂಟಿನ ಮೇಲೆ ಕೆಂಡ ಇಟ್ಟಂತೆ ಉರಿ. ಗಾಡಿ ಚಾಲೂ ಮಾಡಲು ಒದೆಯಬೇಕಾದ ಕಾಲೇ ಅದು. ನೋಡಿದರೆ ಗುಳ್ಳೆ. ಮಧ್ಯಾಹ್ನದ ಹೊತ್ತಿಗೆ ಉರಿ ತಡೆಯದಾಯಿತು. ನೀರಿಗೆ ಬಿಟ್ಟರೆ ತಣ್ಣಗಾದೀತೆಂದು ಕುಂಟುತ್ತ ಊರ ಇಳಿಬಾವಿಗೆ ಹೋದ. ತಾಯಿಯೂ ಅವನ ತೋಳು ಹಿಡಿದು ಮೆಟ್ಟಿಲಿಳಿದಳು. ಪಕ್ಕದಲ್ಲೇ ಹೆಣ್ಣುಮಕ್ಕಳು ಕೊಡ ತುಂಬುತ್ತಿದ್ದರು.

ಕಾಲು ಇನ್ನೇನು ನೀರಿಗೆ ತಾಗಬೇಕು, ಮೇಲಿನಿಂದ ಕೂಗು ಕೇಳಿತು. "ಏ ಶಿವಶರಣಾ! ಕಾಲು ಇಳಸಬ್ಯಾಡ! ತಡಿ!"

ರಾಚಪ್ಪ ಈ ಸಲವೂ ಬೀಳ್ಕೊಡಲು ಬಂದಿದ್ದ. ಗಂಡ ಬಾವಿಗೆ ಹೋಗಿದ್ದಾನೆಂದು ಮನೆಯಲ್ಲಿ ಶಿವಶರಣಪ್ಪನ ಹೆಂಡತಿ ನೀಲಾಬಾಯಿ ಹೇಳಿದ್ದೇ ತಡ, ಅವನು ಓಡಿ ಬಂದಿದ್ದ. ಅವಳೂ ಹಿಂದೆಯೇ ಬಂದಳು.

"ಉರಿ ತಾಳವಲ್ದೋ ರಾಚಪ್ಪಾ," ಎಂದ ಶಿವಶರಣಪ್ಪ. ಕಣ್ಣಲ್ಲಿ ನೀರು ಬಂದಿತ್ತು.

"ಗೊತ್ತದ. ಆ ಉರೀನ ನಿನ್ನ ನೀರಿಗೆ ಎಳಕೊಂಡ್ ಬಂದದ. ಹುಣ್ಣು ನೀರಿಗೆ ತಾಗಿದ ಕೂಡಲೇ ಹುಳ ಸಾವಿರಗಟ್ಟಲೆ ಮರಿ ಬಿಡ್ತದ. ನೀರಾಗಿನ ಸಣ್ಣ ಹುಳ ಆ ಮರಿ ನುಂಗ್ತಾವ. ಆ ನೀರು ಕುಡದವರಿಗೆ ಬರೂ ವರ್ಷ ನಾರುಹುಣ್ಣು. ಈಗ ಕೊಡ ತುಂಬಾಕತ್ತಾರಲ್ಲ, ಇವರ ಮನೀಗೆಲ್ಲಾ ನೀನs ಹಂಚಿದ್ಹಂಗ ಆಗ್ತದ."

ಶಿವಶರಣಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ. ಗದಗದ ಆಚೆಯ ಬಾವಿ, ಕಾಲು ಬಿಟ್ಟು ಕೂತಿದ್ದ ರೈತ, ತಾನು ಕುಡಿದ ನೀರು, ಎಲ್ಲ ಕಣ್ಣಿಗೆ ಕಟ್ಟಿತು. ಅದನ್ನು ಹೇಳಿದ.

"ಅಲ್ಲೇ ಬಂದಿರಬೇಕು," ಎಂದ ರಾಚಪ್ಪ. "ಪೆಟ್ರೋಲ್ ಸೋಸಿ ಸೋಸಿ ಹಾಕ್ತಿ. ನಿನ್ನ ಹೊಟ್ಟಿ ಆ ಗಾಡಿ ಟಾಕಿಗಿಂತ ಕಡಿಮಿ ಆಯ್ತೇನೋ?"

ಪಾರ್ವತಿಬಾಯಿ ಸುಲಭಕ್ಕೆ ಒಪ್ಪುವವಳಲ್ಲ. "ಸಾಕ್ ಬಿಡಪಾ ತಮ್ಮಾ. ನಮ್ಮ ಹಿರ್‍ಯಾರೆಲ್ಲಾ ಇದೇ ನೀರು ಕುಡದು ಬಾಳ್ವಿ ಮಾಡ್ಯಾರ. ಕಣ್ಣಿಗೆ ಕಾಣದ ಹುಳಾ ಎಲ್ಲಿಂದ ತಂದಿ?"

"ಕಾಣ್ತಾವ್ರೀ ಅವ್ವಾರ, ತೋರಸ್ತೀನಿ."

ರಾಚಪ್ಪ ತನ್ನ ಚೀಲದಿಂದ ಅರಿವೆ, ಗಾಜಿನ ಲೋಟ ತೆಗೆದ. ಒಂದು ಕೊಡದ ಬಾಯಿಗೆ ಅರಿವೆ ಮಡಿಚಿ ಕಟ್ಟಿ ಬಾವಿಯ ನೀರು ಸುರಿದ. ಆಮೇಲೆ ಅರಿವೆಯನ್ನು ಮಗುಚಿ, ಲೋಟದಲ್ಲಿ ಸೋಸಿದ ನೀರು ಹಾಕಿ ಅದರಲ್ಲಿ ಜಾಲಿಸಿ, ಲೋಟವನ್ನು ಬಿಸಿಲಿಗೆ ಹಿಡಿದ. ರವೆಗಿಂತ ಸಣ್ಣ ಬಿಳಿ ಚುಕ್ಕೆಗಳು ತಟ್ಟನೆ ಅತ್ತಿತ್ತ ಜಿಗಿಯುತ್ತಿದ್ದವು. ಪಾರ್ವತಿಬಾಯಿ ಲೋಟವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಇವರಪ್ಪ ಇದೇ ಹುಣ್ಣಿಗೆ ಮೂರು ಸಲ ಮಲಗಿದ್ರು," ಎಂದಳು ಕೊನೆಗೆ. "ಒಂದ್ ವರ್ಷ ಹೊಲಾ ಹಂಗs ಬೀಳು ಬಿತ್ತು. ದೇವರ ಸಿಟ್ಟು ಅಂತ ಹರಕಿ ಹೊತ್ತೆ. ಇಷ್ಟೇ ಅಂತ ಯಾರೂ ಹೇಳಲಿಲ್ಲಲ್ಲೋ ತಮ್ಮಾ."

ನೀಲಾಬಾಯಿ ಆಗಲೇ ಕೆಲಸದ ಮಾತಿಗೆ ಬಂದಿದ್ದಳು. "ಎಂಥಾ ಅರಿವಿ ಬೇಕ್ರಿ ಅಣ್ಣಾರ?"

"ದಟ್ಟನ್ನ ಅರಿವಿ ಇರ್ಲಿ, ತೂತು ಇರಬಾರದು. ಎರಡು ಮಡಿಕಿ ಮಾಡಿ ಕಟ್ರಿ. ದಿನಾ ಬಾವಿಯಿಂದ ದೂರ ತೊಳದು ಬಿಸಲಿಗೆ ಒಣಗಸ್ರಿ. ಕುದಿಸಿ ಕುಡದ್ರ ಇನ್ನೂ ಚಲೋ. ಆದ್ರ ಒಂದ್ ಮಾತು, ಒಳಗ ಮೊದಲs ಹೋಗಿರೂ ಹುಳಾ ಬರೂದs. ಇವತ್ತು ಸೋಸಿದ್ದರ ಫಲ ಬರೂ ವರ್ಷ ಕಾಣ್ತದ. ಅಲ್ಲೀತನಕ ಬಿಡಬಾರದು."

ಆ ಬೇಸಿಗೆ ಗೋಕರ್ಣ ತಪ್ಪಿತು, ಬಿತ್ತುವ ಕೆಲಸವೂ ಅವನ ಕೈ ತಪ್ಪಿತು. ರಾಚಪ್ಪ ಹುಳದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಹೊರಗೆ ತೆಗೆದ. ಜಗ್ಗಿದರೆ ಹರಿದು ಕಾಲೇ ಬಾತುಕೊಳ್ಳುತ್ತದೆಂದು ಬಿಗಿಯಾಗಿ ಹೇಳಿದ್ದ. ಶಿವಶರಣಪ್ಪ ಕಟ್ಟೆಯ ಮೇಲೆ ಕೂತು, ತನ್ನ ಹೊಲದಲ್ಲಿ ಬೇರೆಯವರು ಕೂರಿಗೆ ಹಿಡಿದದ್ದನ್ನು ನೋಡಿದ. ಹಾಗೆಂದು ಸುಮ್ಮನೆ ಕೂರುವ ಜಾತಿಯವನಲ್ಲ ಅವನು. ಊರ ಹಿರಿಯರನ್ನು ಕಟ್ಟೆಗೇ ಕರೆಸಿದ. ಮಾತಾಡಿ, ಜಗಳಾಡಿ, ಒಪ್ಪಿಸಿದ. ಮಳೆಗಾಲ ಮುಗಿಯುವಷ್ಟರಲ್ಲಿ ಬಾವಿಯ ಮೆಟ್ಟಿಲಿಗೆ ಗೋಡೆ ಎದ್ದಿತು, ಮೇಲಿನಿಂದ ಸೇದಲು ರಾಟೆ ಕೂತಿತು.

ಮುಂದಿನ ಬೇಸಿಗೆ ಗೋಕರ್ಣಕ್ಕೆ ಹೊರಟ ದಿನ ಫಟಫಟಿ ಮೊದಲ ಒದೆತಕ್ಕೇ ಚಾಲೂ ಆಯಿತು. ನೀಲಾಬಾಯಿ ಬುತ್ತಿಯ ಜೊತೆಗೆ ಸೋಸುವ ಅರಿವೆ ಎರಡು ಇಟ್ಟಳು. ಧಾರವಾಡದ ಈಚೆಗೆ ಒಂದು ಊರ ಬಾವಿಯ ಹತ್ತಿರ ಅವನು ಡೇರೆ ಹೊಡೆದಾಗ ಗಾಡಿ ನೋಡಲು ಜನ ಸೇರಿದರು. ಅವನು ನೀರು ಸೋಸುವುದನ್ನು ಕಂಡು ಧರೆಪ್ಪ ಎಂಬ ಮುದುಕ ನಕ್ಕ. "ಗಾಡಿ ಮ್ಯಾಲ ಬಂದ ಸಾಹೇಬ್ರಿಗೆ ನಮ್ಮೂರ ನೀರು ಹೊಲಸು ಕಂಡ್ವೇನ್ರಿ?"

ಶಿವಶರಣಪ್ಪ ಪಾದದ ಗಂಟಿನ ಕಲೆ ತೋರಿಸಿದ. "ಸಾಹೇಬ ಅಲ್ರಿ ಅಜ್ಜಾರ, ನಿಮ್ಮಂಗ ಒಕ್ಕಲಿಗ. ಬಿತ್ತೂ ಟೈಮಿಗೆ ಕಟ್ಟಿ ಮ್ಯಾಲ ಕೂತು ಅತ್ತಾಂವ."

ಮುದುಕನ ನಗು ನಿಂತಿತು. ತನ್ನ ಮಗನೂ ಈಗ ಹಾಗೆಯೇ ಮಲಗಿದ್ದಾನೆಂದು ಹೇಳಿದ. ಶಿವಶರಣಪ್ಪ ಮರುದಿನವೂ ಅಲ್ಲೇ ಉಳಿದ. ಮನೆಮನೆಗೆ ಹೋಗಿ ಸೋಸಿ ತೋರಿಸಿದ. ಇನ್ನೊಂದು ಅರಿವೆಯನ್ನು ಧರೆಪ್ಪನ ಸೊಸೆಗೆ ಕೊಟ್ಟ. ಆಮೇಲೆ ಘಟ್ಟ ಇಳಿದು ಸಮುದ್ರ ನೋಡಿದ. ನೀರು ಮುಗಿಯುವುದೇ ಕಾಣದ ಆ ದಂಡೆಯಲ್ಲಿ ಒಬ್ಬನೇ ನಿಂತು ಹೋ ಎಂದು ಕೂಗಿದ.

ಅದರ ಮುಂದಿನ ಮುಂಗಾರಿಗೆ ಅವನ ಮನೆಯಲ್ಲಿ ಯಾರೂ ಮಲಗಲಿಲ್ಲ. ಮೃಗಶಿರಾ ಮಳೆ ಬಿದ್ದ ಬೆಳಿಗ್ಗೆ ಶಿವಶರಣಪ್ಪ ಕೂರಿಗೆ ಹಿಡಿದ, ನೀಲಾಬಾಯಿ ಬೀಜದ ಉಡಿ ಕಟ್ಟಿಕೊಂಡಳು. ಪಾರ್ವತಿಬಾಯಿ ಬದುವಿನ ಮೇಲೆ ಕೂತು, "ಸಾಲು ಸೊಟ್ಟ ಹೊಂಟಾವ ನೋಡ್ರಿ," ಎಂದು ಇಬ್ಬರನ್ನೂ ಬೈಯುತ್ತಿದ್ದಳು. ಅಷ್ಟು ಸಂತೋಷದಿಂದ ಅವಳು ಬೈದದ್ದನ್ನು ಯಾರೂ ಕಂಡಿರಲಿಲ್ಲ.

ಓದುವ ಅಣ್ಣಂದಿರೇ, ಕೇಳುವ ಅಕ್ಕತಂಗಿಯರೇ, ನಿಮ್ಮೂರಿನ ಬಾವಿಗೂ ಮೆಟ್ಟಿಲಿದೆಯೇ? ಹಾಗಿದ್ದರೆ ಇವತ್ತೇ ಕೊಡದ ಬಾಯಿಗೆ ದಟ್ಟ ಅರಿವೆ ಕಟ್ಟಿರಿ. ಹುಣ್ಣಾದ ಕಾಲನ್ನು ಕುಡಿಯುವ ನೀರಿಗೆ ಇಳಿಸಬೇಡಿರಿ, ಇಳಿಸುವವರನ್ನು ಕಂಡರೆ ಕೈಹಿಡಿದು ತಡೆಯಿರಿ. ಪ್ರವಾಸ ಹೊರಟರೆ ಬುತ್ತಿಯ ಜೊತೆಗೆ ಸೋಸುವ ಅರಿವೆ ಇರಲಿ. ಬರುವ ಮುಂಗಾರಿಗೆ ನಿಮ್ಮ ಮನೆಯವರೆಲ್ಲ ತಮ್ಮ ಕಾಲ ಮೇಲೆ ನಡೆದು ಹೊಲಕ್ಕೆ ಹೋಗಲಿ.