ರುಂಡವಿಲ್ಲದ ಸಕ್ಕರೆ ಸವಾರ

ಗೌರಿ ಹುಣ್ಣಿಮೆಗೆ ಇನ್ನು ನಾಲ್ಕೇ ದಿನ. ಲಕ್ಷ್ಮೇಶ್ವರದ ಸಾವಿತ್ರೆವ್ವ ಗುರುವಾರ ಬೆಳಗ್ಗೆ ದೇವರ ಕೋಣೆಗೆ ಹೋಗಿ ಆರತಿ ತಟ್ಟೆಯ ಮೇಲಿನ ಬಟ್ಟೆ ಸರಿಸಿದರೆ, ಸಕ್ಕರೆಯ ಕುದುರೆ ಸವಾರನಿಗೆ ತಲೆಯೇ ಇಲ್ಲ. ತಲೆ ಅವನ ಕಾಲ ಬಳಿಯೇ, ಮುಂಡಾಸಿನ ಸಮೇತ ಅಂಗಾತ ಬಿದ್ದಿತ್ತು.

ಅದು ತಾವೇ ಪ್ಯಾಟೆಯಿಂದ ತಂದ ಗೊಂಬೆಯಾಗಿದ್ದರೆ ಚಹಾಕ್ಕೆ ಹಾಕಿ ಕುಡಿದು ಮರೆಯಬಹುದಿತ್ತು. ಇದು ಮುಂಡರಗಿಯ ಬೀಗರು ತಂದದ್ದು. ಮಗಳು ಸ್ನೇಹಾಳ ನಿಶ್ಚಯ ಆಗಿ ಎರಡು ತಿಂಗಳಾಗಿತ್ತು. ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಸೀರೆ, ಹೂವಿನ ದಂಡೆ, ಸಕ್ಕರೆ ಆರತಿ ಎನ್ನುವ ಈ ಗೊಂಬೆಗಳನ್ನು ತರುವುದು ಪದ್ಧತಿ. ಹುಣ್ಣಿಮೆಯ ಸಂಜೆ ಹುಡುಗಿ ಅವೇ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗಬೇಕು. ಮುಕ್ಕಾದ ಗೊಂಬೆ ಬೆಳಗುವಂತಿಲ್ಲ. ಅಂದು ಬೀಗರು ಮತ್ತೆ ಬರುವವರಿದ್ದರು, ಮದುವೆಯ ಕಲ್ಯಾಣ ಮಂಟಪವೂ ಗೊತ್ತಾಗಿತ್ತು. ಈಗ ಸವಾರನ ತಲೆ ಹೋಯಿತು ಎಂದರೆ ಓಣಿಯ ಬಾಯಿ ಮುಚ್ಚುವವರು ಯಾರು?

ಸಂಶಯಕ್ಕೆ ಪಗಾರ ಕೊಡುವಂತಿದ್ದರೆ ಸಾವಿತ್ರೆವ್ವ ಆ ದಿನ ತಹಸೀಲ್ದಾರರಿಗಿಂತ ಹೆಚ್ಚು ಗಳಿಸುತ್ತಿದ್ದಳು. ಮೊದಲು ಬೀಗರ ಮೇಲೆಯೇ ಅನುಮಾನ ಬಂತು, ಮುರುಕು ಗೊಂಬೆ ಅಂಟಿಸಿ ತಂದರೇನೋ ಎಂದು. ಆಮೇಲೆ ಇಲಿಯ ಮೇಲೆ. ಆಮೇಲೆ ಆರತಿ ನೋಡಲು ಬಂದು ತುಟಿ ಕೊಂಕಿಸಿ ಹೋದ ಎದುರು ಮನೆಯವಳ ಮೇಲೆ. ಕೊನೆಗೆ, ಬೇರೆ ಯಾರೂ ಸಿಗದಿದ್ದಾಗ, ಮಗನ ಮಗಳು ವಾಣಿಶ್ರೀಯ ಮೇಲೆ ಬಂದು ನಿಂತಿತು. ಏಳು ವರ್ಷದ ಪೋರಿ. ಮುಂದಿನ ಎರಡು ಹಲ್ಲು ಬಿದ್ದಿದ್ದವು, ಸಕ್ಕರೆಯ ಆಸೆ ಮಾತ್ರ ಬಿದ್ದಿರಲಿಲ್ಲ.

"ಖರೆ ಹೇಳು, ನೀನ ಮುರದಿ ಹೌದಿಲ್ಲೋ?"

"ನಾ ಅಲ್ಲ ಆಯಿ. ಗೊಂಬಿ ಮುರೀತು."

"ಯಾವ ಗೊಂಬಿ?"

ವಾಣಿಶ್ರೀ ತನ್ನ ಪ್ಲಾಸ್ಟಿಕ್ ಗೊಂಬೆಯನ್ನು ತಂದು ಅಜ್ಜಿಯ ಮುಂದೆ ಹಿಡಿದಳು. ಗದಗಿನಿಂದ ತಂದದ್ದು. ಕೆಂಗೂದಲು, ಹಸಿರು ಕಣ್ಣು, ಹೊಟ್ಟೆ ಒತ್ತಿದರೆ ನಗುತ್ತಿತ್ತು.

ಸಾವಿತ್ರೆವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಅದಕ್ಕೆ ಕಾರಣ ಹನ್ನೆರಡನೆಯ ವಯಸ್ಸಿನಲ್ಲಿ ನೋಡಿದ ಒಂದು ಸಿನೆಮಾ. ಓಣಿಯವರು ಕೂಡಿ ಬಾಡಿಗೆಗೆ ವಿಸಿಆರ್ ತಂದಿದ್ದರು. ಕೊಲೆ ಮಾಡುವ ಗೊಂಬೆಯ ಇಂಗ್ಲಿಷ್ ಸಿನೆಮಾ ಅದು. ಗೆಳತಿ ಅಲ್ಮಾಸಬಿ ಮತ್ತು ಅವಳು ಒಂದೇ ಚಾದರಿನೊಳಗೆ ತಲೆ ಹುದುಗಿಸಿ ನೋಡಿದ್ದರು. ಮಾತು ಒಂದಕ್ಷರ ತಿಳಿದಿರಲಿಲ್ಲ. ಗೊಂಬೆ ಚೂರಿ ಎತ್ತಿದ್ದು ಮಾತ್ರ ತಿಳಿದಿತ್ತು. ಆ ಗೊಂಬೆಯನ್ನು ಹೊತ್ತು ತಿರುಗುವ ಹುಡುಗನೂ ಅದರ ಜೊತೆಗಾರನೇ, ಇಬ್ಬರೂ ಕೂಡಿಯೇ ಮಾಡುತ್ತಾರೆ ಎಂದು ಗೆಳತಿಯರು ಆಗಲೇ ತೀರ್ಮಾನಿಸಿದ್ದರು.

ಐವತ್ತರ ಹತ್ತಿರ ಬಂದ ಹೆಂಗಸು ಪ್ಲಾಸ್ಟಿಕ್ ಗೊಂಬೆಗೆ ಹೆದರುವುದೆಂದರೆ ನಗುವ ಮಾತೇ. ಆದರೂ ಸಾವಿತ್ರೆವ್ವ ಅದನ್ನು ಟ್ರಂಕಿನಲ್ಲಿ ಹಾಕಿ ಕೀಲಿ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ವಾಣಿಶ್ರೀ ಅತ್ತಳು. ಸ್ನೇಹಾ, "ಪಾಪ, ಆ ಕೂಸಿಗೆ ಯಾಕ ಬಯ್ತೀಯವ್ವ" ಎಂದಷ್ಟೇ ಅಂದು ಗದಗಿನ ಬಸ್ಸಿಗೆ ಹೊರಟಳು. ಅಲ್ಲಿಯ ಒಂದು ದವಾಖಾನೆಯ ರಕ್ತ ಪರೀಕ್ಷೆ ವಿಭಾಗದಲ್ಲಿ ಅವಳಿಗೆ ಕೆಲಸ. ಬಸ್ ಸ್ಟ್ಯಾಂಡ್ ಮುಟ್ಟುವುದರೊಳಗೆ ಅವಳ ಫೋನು ಎರಡು ಸಲ ರಿಂಗಾಗಿರುತ್ತಿತ್ತು. ಮುಂಡರಗಿಯ ಮಹಾದೇವ, ಅಳಿಯನಾಗುವವನು, ತಾಸಿಗೊಮ್ಮೆ ಫೋನು ಮಾಡುತ್ತಿದ್ದ. ಅಷ್ಟು ಜೀವ ಹುಡುಗಿಯ ಮೇಲೆ ಎಂದು ಸಾವಿತ್ರೆವ್ವ ನಾಲ್ಕು ಮಂದಿಯ ಮುಂದೆ ಹೇಳಿಕೊಂಡಿದ್ದಳು.

ಶನಿವಾರ ಬೆಳಗ್ಗೆ ಸಕ್ಕರೆ ಆನೆಯ ಸೊಂಡಿಲು ಹೋಗಿತ್ತು. ಟ್ರಂಕಿನ ಕೀಲಿ ಹಾಗೆಯೇ ಇತ್ತು. ವಾಣಿಶ್ರೀಯನ್ನು ಕೇಳಿದರೆ ಅದೇ ಮಾತು, ಗೊಂಬಿ ಮುರೀತು. ಸಾವಿತ್ರೆವ್ವ ಮೊಮ್ಮಗಳ ಬೆನ್ನ ಮೇಲೆ ಎರಡು ಬಿಟ್ಟಳು. ಸೊಸೆ ಮುಖ ಊದಿಸಿಕೊಂಡು ಮಗಳನ್ನು ಕರೆದುಕೊಂಡು ಶಿರಹಟ್ಟಿಯ ತವರಿಗೆ ಹೋದಳು.

ಭಾನುವಾರ ಮಧ್ಯಾಹ್ನ ಸಾವಿತ್ರೆವ್ವ ಅಲ್ಮಾಸಬಿಗೆ ಹೇಳಿ ಕಳಿಸಿದಳು. ಸಕ್ಕರೆ ಗೊಂಬೆ ಎರೆಯುವುದು ಅಲ್ಮಾಸಬಿಯ ಮನೆಯ ಕಸುಬು. ಸಾಗವಾನಿಯ ಅಚ್ಚುಗಳು ಅವಳ ಮಾವನ ಕಾಲದವು. ಅಂಥವೇ ಸವಾರ, ಆನೆ ಎರಡನ್ನೂ ಗುಟ್ಟಾಗಿ ಎರೆದು ಕೊಟ್ಟರೆ ಬೀಗರ ಕಣ್ಣಿಗೆ ಮಣ್ಣೆರಚಬಹುದು ಎಂಬುದು ಸಾವಿತ್ರೆವ್ವನ ಲೆಕ್ಕ. ಅಲ್ಮಾಸಬಿ ಸವಾರನ ತಲೆ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಕುತ್ತಿಗೆಯ ಮೇಲೆ ಬೆರಳಾಡಿಸಿದಳು.

"ಇದು ಇಲಿ ಕಡದದ್ದಲ್ಲ ಸಾವಿತ್ರಿ. ಬಿದ್ದು ಒಡದಿದ್ರ ಪುಡಿ ಉದರತಿತ್ತು. ತೊಯ್ಸಿದ ದಾರ ಹಾಕಿ ಕೊಯ್ದಾರ. ಅಚ್ಚಿನಿಂದ ತಗದ ಗೊಂಬಿಗೆ ಉಳದ ಅಂಚು ನಾವು ಹಿಂಗ ತಗೀತೇವಿ."

"ಹಂಗಾರ ನಿಮ್ಮ ಮಂದೀನ ಯಾರರ ಬಂದು..." ಎಂದು ಸಾವಿತ್ರೆವ್ವ ಅರ್ಧಕ್ಕೆ ನಿಲ್ಲಿಸಿದಳು.

"ಅನ್ನು, ನನ್ನ ಮ್ಯಾಲೂ ಸಂಶೆ ಪಡು. ಅದೊಂದ ಬಾಕಿ ಇತ್ತು" ಎಂದು ಅಲ್ಮಾಸಬಿ ನಕ್ಕಳು. ಗೊಂಬೆಯನ್ನು ಟ್ರಂಕಿಗೆ ಹಾಕಿದ ಸಂಗತಿ ಕೇಳಿದ ಮೇಲಂತೂ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆ ಸಿನೆಮಾ ಈಗ ಹಿಂದಿ ಮಾತಿನ್ಯಾಗ ಸಿಗತೈತಿ. ಹಾಕು ಟೀವಿಗೆ. ಒಮ್ಮಿ ನೋಡಿ ಅಂಜಿಕಿ ಕಳಕೋ."

ಸ್ನೇಹಾ ಟೀವಿಗೆ ಹಚ್ಚಿಕೊಟ್ಟು, ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಳು. ಸಿನೆಮಾ ಈಗ ಅಂಥ ಭಯ ಹುಟ್ಟಿಸಲಿಲ್ಲ. ಗೊಂಬೆ ನಡೆದರೆ ಯಾರೋ ಹಿಂದೆ ನಿಂತು ದೂಡಿದಂತೆ ಕಾಣುತ್ತಿತ್ತು. "ಇದಕ್ಕ ನಾ ಆರು ತಿಂಗಳ ಒಬ್ಬಾಕಿನ ಹಿತ್ತಲಕ್ಕ ಹೋಗಿರಲಿಲ್ಲಲಾ!" ಎಂದು ಅಲ್ಮಾಸಬಿ ತೊಡೆ ತಟ್ಟಿದಳು.

ಆದರೆ ಈ ಸಲ ಮಾತು ತಿಳಿಯುತ್ತಿತ್ತು. ಆ ಹುಡುಗ ಗೊಂಬೆಯ ಜೊತೆಗಾರನೇ ಅಲ್ಲ. ಇದು ನನ್ನದಲ್ಲ, ಇದು ಕೆಟ್ಟದ್ದು, ಮನೆಯಲ್ಲಿ ಇಡಬೇಡ ಎಂದು ಮೊದಲಿನಿಂದಲೂ ತಾಯಿಗೆ ಹೇಳುತ್ತಲೇ ಇದ್ದ. ತಾಯಿ ಒಳ್ಳೆಯವಳೇ. ಮಗನ ಹಣೆ ಮುಟ್ಟಿ ನೋಡಿದಳು, ಅಷ್ಟು ತುಟ್ಟಿಯ ಗೊಂಬೆ, ಯಾಕೆ ಹೀಗೆ ಅನ್ನುತ್ತಿ ಎಂದು ಗದರಿಸಿದಳು. ಮೂವತ್ತೈದು ವರ್ಷ ಆ ಹುಡುಗನನ್ನು ಸುಮ್ಮನೆ ಬೈದೆನಲ್ಲ ಎಂದು ಸಾವಿತ್ರೆವ್ವನಿಗೆ ಕೆಡುಕೆನಿಸಿತು. ವಾಣಿಶ್ರೀಯ ಬೆನ್ನು ನೆನಪಾಯಿತು.

"ಅಲ್ಮಾಸ, ಹಂಗಾರ ಆ ಪೋರಿ ಖರೇನ ಏನರ ಕಂಡಿತ್ತನ?"

"ಎರಡು ಸಲಾನೂ ಅದ ಮಾತು ಅಂದ್ರ ಅದು ಕೂಸಿನ ಮಾತಲ್ಲ. ಯಾರೋ ಹಂಗ ಹೇಳು ಅಂತ ಕಲಿಸ್ಯಾರ" ಎಂದು ಅಲ್ಮಾಸಬಿ ಮೂಲೆಯ ಕಡೆ ನೋಡಿದಳು. "ತೊಯ್ಸಿದ ದಾರದ ಕೆಲಸ ಈ ಮನ್ಯಾಗ ಯಾರಿಗೆ ಬರತೈತಿ? ಸಣ್ಣಾಕಿದ್ದಾಗ ಶಾಲಿ ಬಿಟ್ಟಕೂಡ್ಲೆ ನನ್ನ ಹಂತ್ಯಾಕ ಬಂದು ಅಂಚು ತಗೀತಿದ್ಲು ಒಬ್ಬಾಕಿ."

ಸ್ನೇಹಾ ಅವರೆಕಾಯಿ ಸುಲಿಯುವುದನ್ನು ಯಾವಾಗಲೋ ಬಿಟ್ಟಿದ್ದಳು. ಮಡಿಲಲ್ಲಿದ್ದ ಕಾಯಿಗಳ ಮೇಲೆ ಕಣ್ಣೀರು ಬೀಳುತ್ತಿತ್ತು.

"ನೀನ? ನಿನ್ನ ಆರತಿ ನೀನ ಮುರದಿ?" ಎಂದು ಸಾವಿತ್ರೆವ್ವ ಎದ್ದು ನಿಂತಳು. "ಆ ಕೂಸಿಗೆ ನಾ ಹೊಡದೇನಲ್ಲ!"

"ಆಕಿ ನನ್ನ ಕೈ ನೋಡಿಬಿಟ್ಲು. ಗೊಂಬಿ ಮುರೀತು ಅನ್ನು ಅಂದೆ. ತಪ್ಪಾತು. ಆಕಿ ಕಾಲ ಬೀಳತೇನಿ" ಎಂದು ಸ್ನೇಹಾ ಮೂಗು ಒರೆಸಿಕೊಂಡಳು. "ಮುಕ್ಕಾದ ಆರತಿ ಅಂದ್ರ ಅಪಶಕುನ ಅಂತ ಅವರ ಬಿಡ್ತಾರ ಅಂದ್ಕೊಂಡಿದ್ದೆ. ನಾ ಬ್ಯಾಡ ಅಂದ್ರ ನೀವು ಕೇಳಂಗಿಲ್ಲ."

"ಯಾವಾಗ ಅಂದಿ ನೀ?"

"ಮೂರು ಸಲ ಹೇಳೇನಿ ಯವ್ವಾ. ಬಸ್ಸಿನ್ಯಾಗ ವಿಡಿಯೋ ಹಚ್ಚಿ ಮಗ್ಗಲಕ ಯಾರು ಕುಂತಾರ ತೋರಸಂತಾನ. ಲ್ಯಾಬಿನ್ಯಾಗ ಯಾರ ರಕ್ತ ತಗದಿ, ಗಂಡಸೋ ಹೆಂಗಸೋ ಅಂತಾನ. ಅಪ್ಪನ ಸಂಗಡ ಕುಂತಿದ್ರೂ ಅದು ಯಾರ ಕೈ ಅಂತಾನ. ನೀ ಏನಂದಿ? ಭಾಳ ಜೀವ ಅದಾನ ನಿನ್ನ ಮ್ಯಾಲೆ ಅಂದಿ."

ಸಾವಿತ್ರೆವ್ವ ಹಾಗೆಯೇ ಕುಳಿತುಬಿಟ್ಟಳು. ಹೌದು, ಮೂರು ಸಲ. ಒಮ್ಮೆ ರೊಟ್ಟಿ ಬಡಿಯುತ್ತಿದ್ದಾಗ, ಒಮ್ಮೆ ಸೀರೆ ಆರಿಸುತ್ತಿದ್ದಾಗ. ಮೂರನೆಯ ಸಲ ಎಲ್ಲಿ ಎಂಬುದೂ ನೆನಪಿರಲಿಲ್ಲ. ಇಲಿಯ ಮೇಲೆ, ಎದುರು ಮನೆಯವಳ ಮೇಲೆ, ಏಳು ವರ್ಷದ ಕೂಸಿನ ಮೇಲೆ, ಕೂಡಿ ಬೆಳೆದ ಅಲ್ಮಾಸಳ ಮೇಲೆ ಕೂಡ ಸಂಶಯ ಪಟ್ಟ ಹೆಂಗಸಿಗೆ ಅಳಿಯನಾಗುವವನ ಮೇಲೆ ಒಂದು ದಿನವೂ ಸಂಶಯ ಬಂದಿರಲಿಲ್ಲ. ತನ್ನ ಮೇಲೆಯೇ ಅವಳಿಗೆ ಹೇಸಿಕೆಯಾಯಿತು.

"ಪುಂಡಲೀಕಪ್ಪಗ ಏನ ಹೇಳ್ತಿ?" ಎಂದು ಅಲ್ಮಾಸಬಿ ಮೆಲ್ಲಗೆ ಕೇಳಿದಳು. ಪುಂಡಲೀಕಪ್ಪ ಎಂದರೆ ಸಾವಿತ್ರೆವ್ವನ ಗಂಡ. ಕಿರಾಣಿ ಅಂಗಡಿಗೆ ಬಂದವರಿಗೆಲ್ಲ ಮದುವೆಯ ಸುದ್ದಿ ಹೇಳಿಯಾಗಿತ್ತು.

"ಅವರಿಗೆ ನಾ ಹೇಳತೇನಿ" ಎಂದಳು ಸಾವಿತ್ರೆವ್ವ. ಹೇಗೆ ಎಂಬುದು ಅವಳಿಗಿನ್ನೂ ಗೊತ್ತಿರಲಿಲ್ಲ.

ಆಗಲೇ ಸ್ನೇಹಾಳ ಫೋನು ರಿಂಗಾಯಿತು. ಮಹಾದೇವನ ವಿಡಿಯೋ ಕರೆ. ಸ್ನೇಹಾ ಎತ್ತಲಿಲ್ಲ. ನಿಂತಿತು, ಮತ್ತೆ ರಿಂಗಾಯಿತು. ಮೂರನೆಯ ಸಲಕ್ಕೆ ಸಾವಿತ್ರೆವ್ವ ಕೈ ಚಾಚಿ ಫೋನು ತೆಗೆದುಕೊಂಡಳು. ಪರದೆಯ ಮೇಲೆ ನುಣ್ಣಗೆ ಬಾಚಿದ ಕ್ರಾಪು, ಹಣೆಗೆ ವಿಭೂತಿ, ಚಂದದ ಮುಖ.

"ಅತ್ತಿ, ನೀವೇನ್ರಿ? ಸ್ನೇಹಾ ಎಲ್ಲಿ? ಮೂರು ಸಲ ಹಚ್ಚಿದೆ."

"ಮನ್ಯಾಗ ಅದಾಳ್ರಿ."

"ಟೀವಿ ಸಪ್ಪಳ ಬರಾಕತ್ತೈತಿ. ಯಾರ ಯಾರ ಅದೀರಿ? ಸ್ವಲ್ಪ ಫೋನು ತಿರುಗಸ್ರಿ, ನೋಡೂಣು." ಮಾತು ಮೆತ್ತಗಿತ್ತು, ನಗು ಮುಖದಲ್ಲಿತ್ತು. ಕಣ್ಣು ಮಾತ್ರ ಸಾವಿತ್ರೆವ್ವನ ಹೆಗಲಾಚೆ ಕೋಣೆಯನ್ನು ತಡಕಾಡುತ್ತಿತ್ತು.

ಸಾವಿತ್ರೆವ್ವ ಫೋನು ತಿರುಗಿಸಿದಳು. ಆರತಿ ತಟ್ಟೆಯ ಮುಂದೆ ಹಿಡಿದಳು.

"ಇದನ್ನ ನೋಡ್ರಿ. ನಿಮ್ಮ ಆರತಿ ಮುರದೈತಿ. ನನ್ನ ಮಗಳು ಇದನ್ನ ಬೆಳಗಂಗಿಲ್ಲ. ಹುಣ್ಣಿವಿಗೆ ನೀವು ಬರೂದು ಬ್ಯಾಡ. ನಿಮ್ಮ ಹಿರ್ಯಾರಿಗೆ ನಮ್ಮ ಮನಿಯವರು ಬಂದು ಮಾತಾಡ್ತಾರ."

"ಅಂದ್ರ? ಯಾರ ಮುರದ್ರು ಅದನ್ನ?"

"ನಾನ ಮುರದೇನಿ."

ಮದುವೆ ಮುರಿಯುತ್ತಿದೆ, ಯಾಕೆ ಎಂದಾದರೂ ಕೇಳುತ್ತಾನೆ ಎಂದು ಸಾವಿತ್ರೆವ್ವ ಕಾದಳು. ತಪ್ಪಿದ್ದರೆ ಹೇಳಿರಿ ಎಂದು ಬೇಡಿಕೊಂಡಿದ್ದರೆ ಅವಳ ಮನಸ್ಸು ಒಂದಿಷ್ಟು ಕರಗುತ್ತಿತ್ತೋ ಏನೋ.

"ಅದಿರಲಿ," ಎಂದ ಮಹಾದೇವ. ಧ್ವನಿ ಬದಲಾಗಿತ್ತು. "ಈಗ ಆಕಿ ಮಗ್ಗಲಕ ಯಾರ ಅದಾರ? ಅದನ್ನ ಹೇಳ್ರಿ ಮೊದಲ."

ಸಾವಿತ್ರೆವ್ವ ಮೂಲೆಗೆ ಹೋಗಿ, ಅವರೆಕಾಯಿಯ ಸಿಪ್ಪೆಯ ನಡುವೆ ಮಗಳಿಗೆ ಆತುಕೊಂಡು ಕುಳಿತಳು.

"ನಾ ಅದೇನಿ" ಎಂದಳು.